ಮನೆಗೆ ಬಂದ ಹಸುವಿಗೆ ಹೊಡೆಯಬೇಡಿ: ಧ್ಯಾನಕ್ಕೆ ಕೂರುವ ಬಗೆ

ಶಿವಮೊಗ್ಗದಲ್ಲಿ, ತುಂಗೆಯ ದಂಡೆಗೆ ಹತ್ತಿರವಿರುವ ನಮ್ಮ ಮನೆಯ ನಡುಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದಷ್ಟು ಜನ ಸೇರಿ ಧ್ಯಾನಕ್ಕೆ ಕೂರುತ್ತೇವೆ. ಹನ್ನೊಂದು ವರ್ಷಗಳಿಂದ ಇದು ನಡೆದುಬಂದಿದೆ. ಶುಲ್ಕವಿಲ್ಲ, ಗುರುಪೀಠವಿಲ್ಲ. ಹೊಸದಾಗಿ ಬಂದವರಲ್ಲಿ ಅರ್ಧದಷ್ಟು ಜನ ಮೂರನೆಯ ವಾರಕ್ಕೆ ಬಿಟ್ಟುಬಿಡುತ್ತಾರೆ. ಬಿಡುವಾಗ ಹೇಳುವ ಮಾತು ಒಂದೇ: ‘ನನಗೆ ಧ್ಯಾನ ಆಗಿಬರುವುದಿಲ್ಲ, ಮನಸ್ಸು ನಿಲ್ಲುವುದೇ ಇಲ್ಲ.’ ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮನಸ್ಸು ನಿಲ್ಲುತ್ತಿಲ್ಲವೆಂದು ಅವರ ಕಣ್ಣಿಗೆ ಬಿದ್ದಿದೆಯಲ್ಲ, ಅದೇ ಧ್ಯಾನದ ಆರಂಭ. ಆರಂಭವನ್ನೇ ಸೋಲೆಂದು ತಿಳಿದು ಎದ್ದು ಹೋಗುತ್ತಾರೆ.

ನಾನೂ ಹಾಗೆಯೇ ಎದ್ದು ಬಂದವಳು. ಯಜಮಾನರು ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಯಾರೋ ಹೇಳಿದರೆಂದು ಒಂದು ಶಿಬಿರಕ್ಕೆ ಹೋದೆ. ‘ಯೋಚನೆಗಳನ್ನೆಲ್ಲ ಹೊರಗೆ ಹಾಕಿ, ಮನಸ್ಸನ್ನು ಖಾಲಿ ಮಾಡಿ’ ಎಂದರು. ಗಂಡ ಹೋಗಿ ನಲವತ್ತು ದಿನವಾಗಿದ್ದವಳು ಯಾವ ಯೋಚನೆಯನ್ನು ಎಲ್ಲಿಗೆ ಹಾಕಲಿ? ಹಲ್ಲು ಕಚ್ಚಿಕೊಂಡು ಕೂತೆ, ತಲೆನೋವು ಹೊತ್ತು ಮನೆಗೆ ಬಂದೆ. ಮತ್ತೆ ಕೂರುವ ಧೈರ್ಯ ಬರಲು ಎರಡು ವರ್ಷ ಹಿಡಿಯಿತು. ಇನ್ನೊಬ್ಬರ ಎರಡು ವರ್ಷ ಹಾಗೆ ಹೋಗದಿರಲಿ ಎಂದು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು, ಇದರಿಂದ ಏನನ್ನು ನಿರೀಕ್ಷಿಸಬಹುದು ಎಂಬ ಮಾತು. 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಧ್ಯಾನದ ಮೇಲೆ ನಡೆದಿದ್ದ 47 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದರು. ಅವುಗಳಲ್ಲಿ ಭಾಗವಹಿಸಿದ್ದವರು ಸುಮಾರು 3,500 ಜನ. ಆತಂಕ, ಖಿನ್ನತೆ ಮತ್ತು ನೋವು ಸ್ವಲ್ಪಮಟ್ಟಿಗೆ ತಗ್ಗುತ್ತವೆ ಎನ್ನಲು ಸಾಧಾರಣ ಬಲದ ಪುರಾವೆ ಸಿಕ್ಕಿತು. ಔಷಧಿಗಿಂತ, ವ್ಯಾಯಾಮಕ್ಕಿಂತ ಧ್ಯಾನವೇ ಮೇಲು ಎನ್ನಲು ಪುರಾವೆ ಸಿಗಲಿಲ್ಲ. ಆದ್ದರಿಂದ ‘ಧ್ಯಾನ ಮಾಡಿದರೆ ಮಾತ್ರೆ ಬೇಡ’ ಎಂದು ಯಾರಾದರೂ ಹೇಳಿದರೆ ಆ ಜಾಗದಿಂದ ಎದ್ದು ಬನ್ನಿ. ರಕ್ತದೊತ್ತಡದ್ದಾಗಲಿ, ಮನಸ್ಸಿನ ಕಾಯಿಲೆಯದಾಗಲಿ, ವೈದ್ಯರು ಕೊಟ್ಟ ಮಾತ್ರೆ ಅದರ ಪಾಡಿಗೆ ನಡೆಯಲಿ.

ಜಾಗ, ಹೊತ್ತು, ಸಾಮಾನು

ಮನೆಯೊಳಗೆ ಗಾಳಿಯಾಡುವ ಒಂದು ಮೂಲೆ ಸಾಕು, ಆದರೆ ದಿನವೂ ಅದೇ ಮೂಲೆಯಾಗಿರಲಿ. ಜಗಲಿ ಬೇಡ, ದಾರಿಯಲ್ಲಿ ಹೋಗುವವರೆಲ್ಲ ಮಾತನಾಡಿಸುತ್ತಾರೆ. ಹೊತ್ತು ನನ್ನ ಮಟ್ಟಿಗೆ ಬೆಳಿಗ್ಗೆ ಮುಖ ತೊಳೆದ ಮೇಲೆ, ಕಾಫಿಗೆ ಮೊದಲು. ನಾಲ್ಕು ಗಂಟೆಗೇ ಏಳುತ್ತೇನೆಂದು ಹಟ ಹಿಡಿದವರು ವಾರದೊಳಗೆ ಬಿಟ್ಟಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ನೀವು ಏಳುವ ಹೊತ್ತಿಗೇ ಏಳಿ. ಮೊದಲ ಎರಡು ವಾರ ಹತ್ತು ನಿಮಿಷ, ಆಮೇಲೆ ಇಪ್ಪತ್ತು. ಅದಕ್ಕಿಂತ ಹೆಚ್ಚು ಕೂರುವ ಆಸೆಯಾದರೂ ಮೊದಲ ಎರಡು ತಿಂಗಳು ಕೂರಬೇಡಿ.

ಮಲೆನಾಡಿನ ಮಳೆಗಾಲದಲ್ಲಿ ನೆಲ ತಣ್ಣಗೆ ಕೊರೆಯುತ್ತದೆ. ಕೆಳಗೆ ಚಾಪೆ, ಅದರ ಮೇಲೆ ಮಡಿಸಿದ ಕಂಬಳಿ ಇಷ್ಟು ಸಾಕು. ಅಂಗಡಿಯಲ್ಲಿ ಧ್ಯಾನದ ದಿಂಬೆಂದು ಮಾರುವುದನ್ನು ನಾನು ತಂದು ನೋಡಿದ್ದೇನೆ. ಒಳಗಿನ ಸ್ಪಂಜು ಆಷಾಢದಲ್ಲಿ ತೇವ ಹೀರಿ ಶ್ರಾವಣಕ್ಕೆ ಬೂಸಲು ಬಂತು. ಅಗರಬತ್ತಿಯನ್ನೂ ಹಚ್ಚಬೇಡಿ; ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಗಂಟಲು ಕೆರೆಯುತ್ತದೆ, ನಿಮ್ಮ ಗಮನವೆಲ್ಲ ಕೆಮ್ಮಿನ ಮೇಲೆಯೇ ಇರುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಅಲಾರಾಂ ಗಡಿಯಾರ ಬಳಸಿ. ಮಳೆಯ ಸದ್ದು, ನದಿಯ ಸದ್ದು ಕೇಳಿಸುವ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಹೆಂಚಿನ ಮೇಲೆ ಬೀಳುವ ಆ ಮಳೆಯನ್ನೇ ಕೇಳಿ. ಅದು ನಿಂತಾಗ ನಿಂತದ್ದು ಗೊತ್ತಾಗುತ್ತದೆ, ಜೋರಾದಾಗ ಜೋರಾದದ್ದು ಗೊತ್ತಾಗುತ್ತದೆ.

ಧ್ಯಾನ ಕಲಿಯಲು ಹಿಮಾಲಯಕ್ಕೇ ಹೋಗಬೇಕು ಎನ್ನುವವರೂ ಇದ್ದಾರೆ. ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ, ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಒಳಗನ್ನು ನೋಡಿಕೊಳ್ಳುವುದು ಈ ಮಣ್ಣಿಗೆ ಹೊಸದಲ್ಲ.

ಕೂರುವುದು

ಪದ್ಮಾಸನ ಬೇಡ. ಮಂಡಿನೋವಿದ್ದವರು ಕುರ್ಚಿಯ ಮೇಲೆ, ಪಾದಗಳನ್ನು ನೆಲಕ್ಕೆ ಊರಿ ಕೂರಲಿ. ಬೆನ್ನು ನೆಟ್ಟಗಿರಲಿ, ಬಿಗಿಯಾಗಿರುವುದು ಬೇಡ. ಮಲಗಿಕೊಂಡು ಮಾಡಿದರೆ ನಿದ್ದೆ ಬರುತ್ತದೆ.

ಉಸಿರು

ಕಣ್ಣು ಮುಚ್ಚಿ. ಮೂಗಿನ ಹೊಳ್ಳೆಯ ಅಂಚಿನಲ್ಲಿ ಗಾಳಿ ಒಳಬರುವಾಗ ತಣ್ಣಗೆ, ಹೊರಹೋಗುವಾಗ ಬೆಚ್ಚಗೆ ತಾಗುತ್ತದೆ, ಅಲ್ಲಿ ಗಮನವಿಡಿ. ಉಸಿರನ್ನು ನೀವು ನಡೆಸಬೇಡಿ, ಅದು ನಡೆಯುವುದನ್ನು ನೋಡಿ. ಪ್ರತಿ ಸಲ ಉಸಿರು ಹೊರಹೋದಾಗ ಮನಸ್ಸಿನಲ್ಲಿ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬನ್ನಿ. ಎದೆ ಡವಗುಟ್ಟುತ್ತಿರುವ ದಿನ ಮಾತ್ರ ಮೊದಲ ಐದಾರು ಉಸಿರನ್ನು ಬೇಕೆಂದೇ ನಿಧಾನವಾಗಿ, ಉದ್ದಕ್ಕೆ ಹೊರಬಿಡಿ. ಉಸಿರೆಳೆದಾಗ ಹೃದಯದ ಬಡಿತ ತುಸು ಚುರುಕಾಗಿ, ಬಿಟ್ಟಾಗ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಕೆಲಸ ಅದು.

ಮನಸ್ಸು ಓಡಿದಾಗ

ಎಲ್ಲರೂ ಎಡವುವುದು ಇಲ್ಲಿ. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಮನಸ್ಸು ಅಡಿಕೆ ಧಾರಣೆಗೆ ಹೋಗಿರುತ್ತದೆ. ಅಲ್ಲಿಂದ ತೋಟದ ಎಲೆಚುಕ್ಕಿ ರೋಗಕ್ಕೆ, ಅಲ್ಲಿಂದ ಬೆಂಗಳೂರಿನಲ್ಲಿರುವ ಮಗನಿಗೆ, ಅವನು ಫೋನ್ ಮಾಡದ ಸಿಟ್ಟಿಗೆ. ಐದು ನಿಮಿಷವಾದ ಮೇಲೆ ‘ಅಯ್ಯೋ, ನಾನು ಉಸಿರು ನೋಡಬೇಕಿತ್ತಲ್ಲ’ ಎಂದು ಹೊಳೆಯುತ್ತದೆ. ಆಗ ನೀವೇನು ಮಾಡುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಬಹಳ ಜನ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಕೆಲವರು ‘ಇದೊಂದನ್ನು ಯೋಚಿಸಿ ಮುಗಿಸಿಬಿಡೋಣ’ ಎಂದು ಅದರ ಹಿಂದೆಯೇ ಹೋಗುತ್ತಾರೆ, ಅದು ಮುಗಿಯುವುದಿಲ್ಲ. ಇನ್ನು ಕೆಲವರು ಹುಬ್ಬು ಗಂಟಿಕ್ಕಿ, ಉಸಿರನ್ನು ಬಿಗಿಹಿಡಿದು ಮನಸ್ಸನ್ನು ಎಳೆದು ತರಲು ನೋಡುತ್ತಾರೆ. ನಾನು ಶಿಬಿರದಿಂದ ತಂದ ತಲೆನೋವು ಇಂಥದ್ದೇ.

ತೀರ್ಥಹಳ್ಳಿಯ ಕಡೆಯ ನನ್ನ ತವರಿನಲ್ಲಿ ಮಲೆನಾಡು ಗಿಡ್ಡ ತಳಿಯ ದನಗಳಿದ್ದವು. ಬೆಳಿಗ್ಗೆ ಬ್ಯಾಣಕ್ಕೆ ಬಿಟ್ಟರೆ ಕಾಡೆಲ್ಲ ಸುತ್ತಿ ಸಂಜೆ ತಾವೇ ಮರಳುತ್ತಿದ್ದವು. ಒಂದು ಹಸು ಮಾತ್ರ ದಿನವೂ ಕತ್ತಲಾದ ಮೇಲೆ ಬರುತ್ತಿತ್ತು. ಒಂದು ದಿನ ಕೆಲಸದ ಹುಡುಗ ಸಿಟ್ಟಿನಿಂದ ಅದರ ಮೇಲೆ ಕೋಲೆತ್ತಿದಾಗ ಅಮ್ಮ ಅವನ ಕೈ ಹಿಡಿದು, ‘ಮನೆಗೆ ಬಂದ ಹಸುವಿಗೆ ಹೊಡೆದರೆ ನಾಳೆ ಅದು ಮನೆಗೇ ಬರುವುದಿಲ್ಲ’ ಎಂದು ಹೇಳಿ ಅದರ ಮುಂದೆ ಅಕ್ಕಚ್ಚು ತಂದಿಟ್ಟಳು. ಹೊಸಬರಿಗೆ ನಾನು ಮೊದಲು ಹೇಳುವುದು ಈ ಹಸುವಿನ ವಿಷಯವನ್ನೇ. ‘ಓಡಿದ್ದೇನೆ’ ಎಂದು ಹೊಳೆದ ಕ್ಷಣದಲ್ಲಿ ಮನಸ್ಸು ಆಗಲೇ ಬಾಗಿಲಿಗೆ ಬಂದು ನಿಂತಿರುತ್ತದೆ. ಕೋಲೆತ್ತಿದರೆ ಬರುವುದನ್ನೇ ಬಿಡುತ್ತದೆ.

ಆ ಕ್ಷಣದಲ್ಲಿ ಮಾಡಬೇಕಾದ್ದು ಇಷ್ಟು. ಮನಸ್ಸು ಹೋಗಿದ್ದ ಜಾಗಕ್ಕೆ ಒಂದೇ ಪದದ ಹೆಸರು ಕೊಡಿ: ಲೆಕ್ಕ, ಚಿಂತೆ, ನೆನಪು, ಜಗಳ, ಅಡುಗೆ. ಒಂದು ಪದ ಮಾತ್ರ, ವಾಕ್ಯ ಬೇಡ. ವಾಕ್ಯವಾದರೆ ಮತ್ತೆ ಕಥೆ ಶುರುವಾಗುತ್ತದೆ. ಬಳಿಕ ಮೈಯನ್ನು ನೋಡಿಕೊಳ್ಳಿ. ದವಡೆ ಬಿಗಿದಿರುತ್ತದೆ, ಹೆಗಲು ಕಿವಿಯ ಕಡೆಗೆ ಏರಿರುತ್ತದೆ. ಎರಡನ್ನೂ ಸಡಿಲ ಬಿಡಿ. ಈ ಕೆಲಸವನ್ನು ಹಾರಿಸಿದವರಿಗೆ ಮನಸ್ಸು ಮರುಕ್ಷಣವೇ ಅದೇ ಜಾಗಕ್ಕೆ ಓಡುತ್ತದೆ, ಏಕೆಂದರೆ ಮೈ ಇನ್ನೂ ಆ ಜಗಳದಲ್ಲೇ ಇರುತ್ತದೆ. ಆಮೇಲೆ ಮುಂದಿನ ಉಸಿರು ಹೊರಹೋದಾಗ ‘ಒಂದು’ ಎನ್ನಿ. ಎಷ್ಟರವರೆಗೆ ಎಣಿಸಿದ್ದೆ ಎಂದು ಹುಡುಕಬೇಡಿ.

ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ನಮ್ಮಲ್ಲಿ ಬರುತ್ತಿದ್ದರು. ತಿಂಗಳಾದರೂ ಎಣಿಕೆ ನಾಲ್ಕನ್ನು ದಾಟಲಿಲ್ಲವೆಂದು ನೊಂದುಕೊಂಡರು. ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಲ ಮರಳಿ ಬಂದಿರಿ ಎಂದು ಕೇಳಿದೆ. ಐವತ್ತು ಸಲವಿರಬಹುದು ಎಂದರು. ಹಾಗಾದರೆ ಐವತ್ತು ಸಲ ಅಭ್ಯಾಸವಾಯಿತು. ತೋಳಿನ ಶಕ್ತಿಗೆ ಭಾರ ಎತ್ತಿ ಇಳಿಸಿದಂತೆಯೇ ಇದೂ. ಅವರು ಈಗಲೂ ಬರುತ್ತಾರೆ, ಎಣಿಕೆಯ ಮಾತೆತ್ತುವುದಿಲ್ಲ.

ಓಡುವ ಮನಸ್ಸಿಗಿಂತ ಹೆಚ್ಚು ಕೆಡಿಸುವುದು ಇನ್ನೊಂದಿದೆ. ಯಾವುದೋ ಒಂದು ದಿನ ಒಳಗೆಲ್ಲ ತಿಳಿಯಾಗಿ, ಗಾಳಿಯಿಲ್ಲದ ಕೆರೆಯಂತಾಗುತ್ತದೆ. ಮರುದಿನದಿಂದ ಅದೇ ಬೇಕೆಂದು ಹುಡುಕಲು ತೊಡಗುತ್ತೀರಿ. ಬಂದದ್ದು ಬಂತು, ಹೋಯಿತು. ಅದನ್ನು ಕಾಯುತ್ತ ಕೂತರೆ ಉಸಿರಿನ ಮೇಲೆ ಗಮನವೇ ಇರುವುದಿಲ್ಲ. ಇನ್ನು ತೂಕಡಿಕೆ: ಬಂದಾಗ ಕಣ್ಣು ಅರ್ಧ ತೆರೆದು ನೆಲ ನೋಡಿ. ದಿನವೂ ಬಂದರೆ ನಿಮಗೆ ನಿದ್ದೆ ಸಾಲುತ್ತಿಲ್ಲ, ರಾತ್ರಿ ಈಗ ಮಲಗುವುದಕ್ಕಿಂತ ಒಂದು ಗಂಟೆ ಮುಂಚೆ ಮಲಗಿ.

ಒಂದು ಪದದ ಪುಸ್ತಕ

ಎದ್ದ ಕೂಡಲೇ ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಆ ದಿನ ಮನಸ್ಸು ಹೆಚ್ಚು ಸಲ ಹೋದ ಜಾಗದ ಪದವನ್ನು ಬರೆದಿಡಿ. ಇದು ನನ್ನದೇ ರೂಢಿ, ಆದರೆ ಇದನ್ನು ಬಿಡಬೇಡಿ ಎಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ. ತಿಂಗಳಾದ ಮೇಲೆ ಪುಟ ತಿರುಗಿಸಿದರೆ ನೂರು ಚಿಂತೆಗಳಿವೆ ಎಂದುಕೊಂಡಿದ್ದವರಿಗೆ ಮೂರೋ ನಾಲ್ಕೋ ಪದ ಮಾತ್ರ ಕಾಣಿಸುತ್ತವೆ. ನನ್ನ ಪುಸ್ತಕದಲ್ಲಿ ‘ಲೋಟ’ ಎಂಬ ಪದ ಹನ್ನೆರಡು ಸಲ ಇತ್ತು. ಆ ದಿನಗಳಲ್ಲಿ ಸಂಜೆ ನಾಲ್ಕರ ಹೊತ್ತಿಗೆ ಕಾರಣವಿಲ್ಲದೆ ಎಲ್ಲರ ಮೇಲೂ ರೇಗುತ್ತಿದ್ದೆ. ಸೊಸೆ ಅತ್ತದ್ದೂ ಉಂಟು. ಯಜಮಾನರಿದ್ದಾಗ ನಾಲ್ಕಕ್ಕೆ ನಾವಿಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಅವರ ಲೋಟ ಇನ್ನೂ ಕಪಾಟಿನಲ್ಲಿತ್ತು. ನಾನು ಸಿಟ್ಟೆಂದುಕೊಂಡಿದ್ದು ದುಃಖವಾಗಿತ್ತು. ಸೊಸೆಗೆ ಅದನ್ನು ಹೇಳಿದೆ. ಈಗ ನಾಲ್ಕಕ್ಕೆ ಅವಳೂ ನಾನೂ ಕೂತು ಕಾಫಿ ಕುಡಿಯುತ್ತೇವೆ.

ನೋವು ಎದ್ದು ಬಂದರೆ

ಕಣ್ಣೀರು ಬಂದರೆ ಬರಲಿ, ಒರೆಸಿಕೊಂಡು ಕೂತಿರಿ. ದುಃಖ ಮೈಯಲ್ಲಿ ಎಲ್ಲಿದೆ ನೋಡಿ. ಗಂಟಲಲ್ಲೋ, ಎದೆಯಲ್ಲೋ ಇರುತ್ತದೆ. ಅದರ ಕಥೆಯನ್ನು ಬಿಟ್ಟು ಆ ಬಿಗಿತವನ್ನಷ್ಟೇ ನಾಲ್ಕು ಉಸಿರು ನೋಡಿ. ಆದರೆ ಹಿಂದೆ ನಡೆದ ಘೋರವೊಂದು ಕಣ್ಣ ಮುಂದೆಯೇ ನಡೆಯುತ್ತಿರುವಂತೆ ಬಂದರೆ, ಮೈ ನಡುಗಿದರೆ, ಉಸಿರು ಕಟ್ಟಿದಂತಾದರೆ ಕೂಡಲೇ ಕಣ್ಣು ತೆರೆಯಿರಿ. ಪಾದವನ್ನು ನೆಲಕ್ಕೆ ಒತ್ತಿ, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿ, ಎದ್ದು ಅಂಗಳದಲ್ಲಿ ನಡೆಯಿರಿ. ಇಂಥದ್ದಕ್ಕೆ ಹಟದಿಂದ ಕೂರುವುದು ಮದ್ದಾಗುವುದಿಲ್ಲ, ಬಲ್ಲವರ ನೆರವು ಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ ಯಾವ ಹೊತ್ತಿನಲ್ಲಿಯೂ ಸಿಗುತ್ತದೆ, ಹಣವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ನಾಚಬೇಕಿಲ್ಲ ಎಂಬುದನ್ನು ಮನೋವೈದ್ಯ ಡಾ. ಅಶೋಕ್ ಪೈ ಅವರು ಶಿವಮೊಗ್ಗದಲ್ಲಿದ್ದುಕೊಂಡೇ ಚಿಕಿತ್ಸೆ, ಬರಹ, ಸಿನಿಮಾಗಳ ಮೂಲಕ ಹೇಳುತ್ತ ಬಂದರು. ಅವರ ಊರಿನವರಾದ ನಾವು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯಬಾರದು.

ತಪ್ಪಿದ ದಿನಗಳು, ಏಳುವುದು

ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದು, ಬೇಯಿಸುವುದು ಎಂದು ಮನೆಮಂದಿಗೆಲ್ಲ ರಾತ್ರಿ ಹಗಲಾಗುತ್ತದೆ. ಆಗ ಐದೇ ನಿಮಿಷ ಕೂರಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಕೂತು ತೀರಿಸಲು ಹೋಗಬೇಡಿ. ಫಲ ಉಂಟೋ ಇಲ್ಲವೋ ಎಂದು ತೂಗುವ ಮೊದಲು ಎರಡು ತಿಂಗಳು ಕೊಡಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬವರು ವಾಸಿಯಾಗದ ನೋವಿನಿಂದ ಬಳಲುವವರಿಗೆ ಧ್ಯಾನ ಕಲಿಸಲು ತೊಡಗಿದರು, ಅವರ ಕ್ರಮವೂ 8 ವಾರಗಳದ್ದೇ.

ಅಲಾರಾಂ ಹೊಡೆದಾಗ ತಟ್ಟನೆ ಏಳಬೇಡಿ. ಕಣ್ಣು ತೆರೆದು, ಅಂಗೈ ಉಜ್ಜಿಕೊಂಡು, ಕಾಲು ಚಾಚಿ. ಜೋಮು ಹಿಡಿದಿದ್ದರೆ ಹೆಬ್ಬೆರಳಿಗೆ ನೆಲ ತಾಗಿದ್ದು ಸರಿಯಾಗಿ ಗೊತ್ತಾಗುವವರೆಗೆ ಕಾಯಿರಿ. ಆತುರದಲ್ಲಿ ಎದ್ದು ಬಿದ್ದ ಹಿರಿಯರೊಬ್ಬರನ್ನು ನಾನೇ ಹಿಡಿದು ಕೂರಿಸಿದ್ದೇನೆ. ಕಂಬಳಿ ಮಡಿಸಿ ಒಲೆಯ ಹತ್ತಿರ ಒಣಗಲು ಹಾಕಿ, ಆಮೇಲೆ ಕಾಫಿಗೆ ನೀರಿಡಿ.