ಕರಾವಳಿಯ ಮಳೆಗಾಲಕ್ಕೊಂದು ಗಟ್ಟಿ ಕೌದಿ

ಉಡುಪಿಯ ಮಳೆಗಾಲಕ್ಕೆ ಬೇಕಾದದ್ದು ಬೆಚ್ಚಗಿದ್ದೂ ಬೇಗ ಒಣಗುವ ಕೌದಿ. ಆದ್ದರಿಂದ ಒಳಗೆ ಹತ್ತಿ ತುಂಬುವ ಬದಲು ಹಳೆಯ ಸೀರೆಯ ಎರಡು ಮೂರು ಪದರ ಹಾಕುವುದು ಲೇಸು. ಸವೆದು ಮೆತ್ತಗಾದ ಉಡುಪಿ ಕೈಮಗ್ಗದ ಹತ್ತಿ ಸೀರೆ ಇದಕ್ಕೆ ಬಲು ಚೆನ್ನ.

ಅಡಿಬಟ್ಟೆಗೆ ಒತ್ತಾಗಿ ನೇಯ್ದ ದಪ್ಪ ಕೋರಾ ಬಟ್ಟೆಯನ್ನು ಆರಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು. ಇಲ್ಲವಾದರೆ ಅದು ಮೊದಲ ಒಗೆತದಲ್ಲೇ ಕುಗ್ಗಿ, ಮೇಲ್ಬಟ್ಟೆಯೆಲ್ಲ ಸುಕ್ಕುಗಟ್ಟುತ್ತದೆ. ನಾಲ್ಕೂ ಬದಿಯಲ್ಲಿ ಮೇಲ್ಬಟ್ಟೆಗಿಂತ 2 ಇಂಚು ಹೆಚ್ಚಿರಲಿ. ಅದನ್ನು ನೆಲದ ಮೇಲೆ ಬಿಗಿಯಾಗಿ ಹರಡಿ, ಪದರಗಳನ್ನಿಟ್ಟು, ನಡುವಿನಿಂದ ಅಂಚಿನತ್ತ ಅಂಗೈಯಿಂದ ಸವರಿ, ಅದೇ ಕ್ರಮದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು.

ಬಳಿಕ ಗಟ್ಟಿ ಹತ್ತಿ ನೂಲಿನಿಂದ, ಬೆರಳಗಲ ಅಂತರದ ಸಾಲುಗಳಲ್ಲಿ ಹೊಲಿಯುತ್ತಾ ಹೋಗಿ. ಸೂಜಿಯ ಮೊನೆ ಪ್ರತಿ ಬಾರಿಯೂ ಅಡಿಬಟ್ಟೆಯನ್ನು ದಾಟಿತೇ ಎಂಬುದನ್ನು ಕೆಳಗಿಟ್ಟ ಬೆರಳೇ ಹೇಳಬೇಕು. ಅಡಿಗೆ ಜೀನ್ಸ್ ಬಟ್ಟೆ ಹಾಕುವವರೂ ಇದ್ದಾರೆ. ಕೈಹೊಲಿಗೆಗೆ ಅದು ಶಿಕ್ಷೆಯೇ ಸರಿ, ಒಣಗುವುದೂ ನಿಧಾನ. ಕೊನೆಗೆ ಹೆಚ್ಚುಳಿದ ಅಂಚನ್ನು ಎರಡು ಬಾರಿ ಮಡಚಿ ಮೇಲ್ಬದಿಗೆ ತಂದು ಹೊಲಿದರೆ ಬೇರೆ ಪಟ್ಟಿ ಬೇಕಾಗದು.