ಕೌನ್ಸಿಲ್ ಮನೆಯಲ್ಲಿ ಹೀಟಿಂಗ್ ನಿಂತುಹೋದರೆ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ನವೆಂಬರ್ ಬಂತೆಂದರೆ ಇಲ್ಲಿನ ನಮ್ಮ ಕನ್ನಡದವರಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ಬಾಯ್ಲರ್ ಕೆಟ್ಟಿದೆ, ಕೌನ್ಸಿಲ್‌ಗೆ ಹೇಳಿ ವಾರ ಆಯ್ತು, ಯಾರೂ ಬಂದಿಲ್ಲ. ಈಗ ಏನ್ ಮಾಡೋದು?" ಬಾಯ್ಲರ್ ಅಂದರೆ ಮನೆ ಬಿಸಿ ಮಾಡಿ ನೀರು ಕಾಯಿಸುವ ಯಂತ್ರ, ಕೌನ್ಸಿಲ್ ಅಂದರೆ ಇಲ್ಲಿನ ನಗರಸಭೆಯ ಹಾಗೆ. ಕೇಳಿದವರ ಮನೆಯಲ್ಲಿ ಎಷ್ಟೋ ಸಲ ಪುಟ್ಟ ಮಗು ಇರುತ್ತದೆ. ಇಲ್ಲವೇ ಬಾಣಂತನಕ್ಕೆಂದು ಊರಿಂದ ಬಂದ ಅಮ್ಮ ಇರುತ್ತಾರೆ. ನಾನು ವರ್ಷಗಳಿಂದ ಕೌನ್ಸಿಲ್ ಫ್ಲಾಟ್‌ನಲ್ಲೇ ಇದ್ದೇನೆ. ಹಾಗಾಗಿ ಈ ದಾರಿ ನನಗೆ ಗೊತ್ತು. ಕಾನೂನು ಬಾಡಿಗೆದಾರರ ಕಡೆ ಗಟ್ಟಿಯಾಗಿಯೇ ನಿಂತಿದೆ. ಆದರೆ ನಾವು ಕೇಳಿದರೆ ಮಾತ್ರ ಅದು ನಮ್ಮ ನೆರವಿಗೆ ಬರುತ್ತದೆ.

ಮೊದಲು ನಿಮ್ಮ ಮನೆಯ ಮಾಲೀಕರು ಯಾರು ಅಂತ ಖಚಿತ ಮಾಡಿಕೊಳ್ಳಿ. ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತೇವೆ, ಆದ್ದರಿಂದ ಕೌನ್ಸಿಲ್‌ನವರೇ ಬಂದು ರಿಪೇರಿ ಮಾಡಬೇಕು ಅಂದುಕೊಳ್ಳುವವರು ಬಹಳ ಜನ. ಆ ಟ್ಯಾಕ್ಸನ್ನು ಸ್ವಂತ ಮನೆಯವರೂ ಕಟ್ಟುತ್ತಾರೆ. ಅದಕ್ಕೂ ರಿಪೇರಿಗೂ ಸಂಬಂಧವಿಲ್ಲ. ಬಾಡಿಗೆ ಕರಾರಿನಲ್ಲಿ ಲ್ಯಾಂಡ್‌ಲಾರ್ಡ್ ಅಂತ ಯಾರ ಹೆಸರಿದೆ ನೋಡಿ, ಅವರೇ ಜವಾಬ್ದಾರರು. ವರ್ಕ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಕೌನ್ಸಿಲ್ ಮನೆ ಸಿಗುವುದಿಲ್ಲ. ಅದು ಸಿಗುವುದು ಹೆಚ್ಚಾಗಿ ಇಲ್ಲೇ ನೆಲೆಸುವ ಹಕ್ಕು ಅಥವಾ ಪೌರತ್ವ ಪಡೆದವರಿಗೆ. ಆದರೆ ಬಾಡಿಗೆದಾರರಿಗೆ ಮನೆ ಕೊಳ್ಳುವ ಹಕ್ಕು ಕೊಟ್ಟ 1980ರ ಕಾನೂನು ಬಂದ ಮೇಲೆ ಲಕ್ಷಗಟ್ಟಲೆ ಕೌನ್ಸಿಲ್ ಮನೆಗಳನ್ನು ಅಲ್ಲಿದ್ದ ಬಾಡಿಗೆದಾರರೇ ಕೊಂಡುಕೊಂಡರು. ಆಮೇಲೆ ಎಷ್ಟೋ ಮನೆಗಳು ಖಾಸಗಿ ಬಾಡಿಗೆಗೆ ಬಂದವು. ಹೊರಗಿನಿಂದ ನೋಡಿದರೆ ಅದೇ ಕೌನ್ಸಿಲ್ ಬಿಲ್ಡಿಂಗ್, ಒಳಗೆ ನಿಮ್ಮ ಮಾಲೀಕರು ಬೇರೆ. ಅಂಥ ಮನೆಯಲ್ಲಿದ್ದರೆ ಮಾಲೀಕರಿಗೋ ಏಜೆಂಟ್‌ಗೋ ಬರೆಯಿರಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ದೂರು ಕೊಡಿ. ಖಾಸಗಿ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಆ ವಿಭಾಗಕ್ಕಿದೆ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. ಕೆಲವರು ಕೌನ್ಸಿಲ್ ಬಾಡಿಗೆದಾರರ ಮನೆಯನ್ನೇ ಅವರಿಂದ ಕೈಬದಲು ಬಾಡಿಗೆಗೆ ಹಿಡಿಯುತ್ತಾರೆ. ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಖುಷಿಪಡುತ್ತಾರೆ. ಒಪ್ಪಿಗೆಯಿಲ್ಲದೆ ಇಡೀ ಕೌನ್ಸಿಲ್ ಮನೆಯನ್ನು ಹೀಗೆ ಬಾಡಿಗೆಗೆ ಕೊಡುವುದು 2013ರ ಕಾನೂನಿನ ಪ್ರಕಾರ ಅಪರಾಧ. ಚಳಿಗಾಲದಲ್ಲಿ ಬಾಯ್ಲರ್ ಕೈಕೊಟ್ಟರೆ ನೀವು ಕೌನ್ಸಿಲ್‌ಗೆ ಫೋನ್ ಮಾಡುವ ಹಾಗಿಲ್ಲ, ನಿಮಗೆ ಮನೆ ಕೊಟ್ಟವರೂ ಮಾಡುವುದಿಲ್ಲ. ಎಷ್ಟೇ ಅಗ್ಗವಾದರೂ ಅಂಥ ಮನೆಗೆ ಹೋಗಬೇಡಿ.

ಮನೆ ಕೌನ್ಸಿಲ್‌ನದೇ ಅಂತಾದರೆ, ಫೋನ್ ಮಾಡುವ ಮೊದಲು ಒಂದೆರಡು ವಿಷಯ ನೋಡಿಬಿಡಿ. ಮೊದಲೇ ದುಡ್ಡು ಹಾಕಬೇಕಾದ ಪ್ರೀಪೇಮೆಂಟ್ ಮೀಟರ್ ಇದ್ದರೆ ದುಡ್ಡು ಮುಗಿದಿದೆಯಾ? ಥರ್ಮೋಸ್ಟ್ಯಾಟ್‌ನ ಬ್ಯಾಟರಿ ಸತ್ತಿದೆಯಾ? ಬಾಯ್ಲರ್‌ನ ಪ್ರೆಶರ್ ಮುಳ್ಳು ಸಾಮಾನ್ಯವಾಗಿ 1ರಿಂದ 1.5 ಬಾರ್ ಮಧ್ಯೆ ಇರಬೇಕು. ಪರದೆಯ ಮೇಲೆ ಎರರ್ ಕೋಡ್ ಇದ್ದರೆ ಫೋಟೋ ತೆಗೆದುಕೊಳ್ಳಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬಾಯ್ಲರ್‌ನಿಂದ ಹೊರಗೆ ಹೋಗುವ ಸಣ್ಣ ಪ್ಲಾಸ್ಟಿಕ್ ಪೈಪ್ ಕಟ್ಟಿಕೊಂಡೂ ಬಾಯ್ಲರ್ ನಿಲ್ಲುತ್ತದೆ. ನೀವು ನೋಡುವುದು ಇಷ್ಟು ಸಾಕು. ಬಾಯ್ಲರ್‌ನ ಮುಚ್ಚಳ ತೆಗೆಯಲು ಹೋಗಬೇಡಿ. ಆ ಕೆಲಸ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿರುವ, ಅಂದರೆ ಗ್ಯಾಸ್ ಕೆಲಸಕ್ಕೆ ಅಧಿಕೃತ ನೋಂದಣಿ ಇರುವ ಇಂಜಿನಿಯರ್‌ದು. ಗ್ಯಾಸ್ ವಾಸನೆ ಬಂದರೆ ಮಾತ್ರ ಕೌನ್ಸಿಲ್‌ಗೆ ಕಾಯಬೇಡಿ. ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮವರು ಕೌನ್ಸಿಲ್‌ನ ರಿಪೇರಿ ಲೈನ್‌ಗೆ ಫೋನ್ ಮಾಡಿ ಮಾತಾಡುವ ರೀತಿಯಿಂದಲೇ ಅರ್ಧ ತಡವಾಗುತ್ತದೆ ಅನ್ನುವುದು ನಾನು ಕಂಡದ್ದು. ಆ ಕಡೆಯವರು "ಮನೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯವರು ಇದ್ದಾರಾ?" ಅಂತ ಕೇಳುತ್ತಾರೆ. ನಾವು "ಮಗು ಇದೆ, ಆದರೆ ಚೆನ್ನಾಗಿದೆ" ಅನ್ನುತ್ತೇವೆ. "ಬೇರೆ ಹೀಟರ್ ಇದೆಯಾ?" ಅಂದರೆ "ಒಂದು ಸಣ್ಣದಿದೆ, ಹೇಗೋ ಅಡ್ಜಸ್ಟ್ ಮಾಡಿಕೊಳ್ತೀವಿ" ಅನ್ನುತ್ತೇವೆ. ಬೇರೆಯವರಿಗೆ ತೊಂದರೆ ಕೊಡಬಾರದು ಅಂತ ಬೆಳೆದವರು ನಾವು, ಆ ಸಂಕೋಚ ಸಹಜ. ಆದರೆ ಆ ಫೋನ್ ತೆಗೆದುಕೊಂಡವರು ನಿಮ್ಮ ಉತ್ತರ ನೋಡಿಯೇ ಕೆಲಸ ಇವತ್ತಿನದೋ ಮುಂದಿನ ವಾರದ್ದೋ ಅಂತ ತೀರ್ಮಾನಿಸುತ್ತಾರೆ. ನೀವು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ ಅಂದರೆ ಅವರು ಹಾಗೇ ಬರೆದುಕೊಳ್ಳುತ್ತಾರೆ.

ಆದ್ದರಿಂದ ಇದ್ದದ್ದನ್ನು ಇದ್ದ ಹಾಗೇ, ಪೂರ್ತಿ ಹೇಳಿ. ಹೀಟಿಂಗ್ ಎಷ್ಟು ಹೊತ್ತಿನಿಂದ ಇಲ್ಲ, ಬಿಸಿನೀರೂ ಇಲ್ಲವಾ, ಮಗುವಿಗೆ ಎಷ್ಟು ತಿಂಗಳು, ಗರ್ಭಿಣಿ ಇದ್ದಾರಾ, ಅಪ್ಪನಿಗೆ ಆಸ್ತಮಾ ಇದೆಯಾ, ಅಮ್ಮನಿಗೆ ಹೃದಯದ ತೊಂದರೆ ಇದೆಯಾ. ಒಂದು ಸಣ್ಣ ಥರ್ಮಾಮೀಟರ್ ತಂದಿಟ್ಟುಕೊಂಡು ಕೋಣೆಯ ಉಷ್ಣತೆಯನ್ನೂ ಹೇಳಿ. ಮನೆಯೊಳಗೆ ಕಡಿಮೆಯೆಂದರೂ 18 ಡಿಗ್ರಿ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. "ಹಾಲ್‌ನಲ್ಲಿ 11 ಡಿಗ್ರಿ ಇದೆ, ಆರು ತಿಂಗಳ ಮಗು ಇದೆ" ಅನ್ನುವ ಒಂದು ಸಾಲಿಗೆ ಇರುವ ಬಲ "ತುಂಬಾ ಚಳಿ" ಅನ್ನುವುದಕ್ಕೆ ಇಲ್ಲ. ಇಂಗ್ಲಿಷ್ ಕಷ್ಟವಾದರೆ ಕನ್ನಡ ಇಂಟರ್‌ಪ್ರೆಟರ್ ಬೇಕು ಅಂತ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ. ಫೋನ್ ಇಡುವ ಮೊದಲು ರೆಫರೆನ್ಸ್ ನಂಬರ್ ಮತ್ತು ಮಾತಾಡಿದವರ ಹೆಸರು ಬರೆದುಕೊಳ್ಳಿ. ಆಮೇಲೆ ಅದೇ ವಿಷಯವನ್ನು ಇಮೇಲ್‌ನಲ್ಲೂ ಕಳಿಸಿ.

ಕಾನೂನು ಏನು ಹೇಳುತ್ತದೆ ಅಂತ ಗೊತ್ತಿದ್ದರೆ ದನಿಗೆ ಧೈರ್ಯ ಬರುತ್ತದೆ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮನೆ ಬಿಸಿ ಮಾಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಕೆಲಸ. ಕೌನ್ಸಿಲ್‌ಗೂ ಇದು ಅನ್ವಯಿಸುತ್ತದೆ. ಅದರ ಮೇಲೆ ಈಗ ಅವಾಬ್ ಕಾನೂನು ಬಂದಿದೆ. ರಾಚ್‌ಡೇಲ್ ಊರಿನಲ್ಲಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿತು. ಕೌನ್ಸಿಲ್‌ನ ಹಾಗೆಯೇ ಕಡಿಮೆ ಬಾಡಿಗೆಗೆ ಮನೆ ಕೊಡುವ ಹೌಸಿಂಗ್ ಅಸೋಸಿಯೇಷನ್ ಸಂಸ್ಥೆಯ ಫ್ಲಾಟ್‌ನ ಗೋಡೆಯ ಬೂಷ್ಟೇ ಕಾರಣ ಅಂತ ವಿಚಾರಣೆಯಲ್ಲಿ ಗೊತ್ತಾಯಿತು. ಅಪ್ಪ ಅಮ್ಮ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಅವರೂ ನಮ್ಮ ಹಾಗೆ ಬೇರೆ ದೇಶದಿಂದ ಬಂದವರು, ಸುಡಾನ್‌ನವರು. ಆ ಮಗುವಿನ ಹೆಸರಿನ ಈ ಕಾನೂನಿನ ಮೊದಲ ಹಂತ 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ. ತುರ್ತು ಅಪಾಯವಿದ್ದರೆ ಕೌನ್ಸಿಲ್‌ನವರು 24 ಗಂಟೆಯೊಳಗೆ ಬಂದು ಪರೀಕ್ಷಿಸಿ ಅಪಾಯ ನಿವಾರಿಸಬೇಕು. ಕೆಟ್ಟ ಬಾಯ್ಲರ್ ಕೂಡ ಇಂಥ ತುರ್ತು ಅಪಾಯವಾಗಬಹುದು ಅಂತ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಮನೆಯಲ್ಲಿ ಯಾರಿದ್ದಾರೆ, ಯಾವ ಕಾಲ ಅನ್ನುವುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಮಯಕ್ಕೆ ಅಪಾಯ ನಿವಾರಿಸಲು ಆಗದಿದ್ದರೆ ತಮ್ಮ ಖರ್ಚಿನಲ್ಲಿ ಬೇರೆ ಕಡೆ ಉಳಿಯುವ ವ್ಯವಸ್ಥೆ ಮಾಡಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. 24 ಗಂಟೆಯಲ್ಲಿ ಆಗಬೇಕಾದದ್ದು ಅಪಾಯ ನಿವಾರಣೆ, ಪೂರ್ತಿ ರಿಪೇರಿಯೇ ಆಗಬೇಕೆಂದಿಲ್ಲ. ಇಂಜಿನಿಯರ್ ಬಂದು ನೋಡಿ, ಒಂದೆರಡು ಕರೆಂಟ್ ಹೀಟರ್ ಕೊಟ್ಟು, "ಪಾರ್ಟ್ ಆರ್ಡರ್ ಮಾಡ್ತೀವಿ" ಅಂದು ಹೋಗುತ್ತಾರೆ. ವಾರಗಟ್ಟಲೆ ತಡವಾಗುವುದು ಹೆಚ್ಚಾಗಿ ಅಲ್ಲಿಂದ ಮುಂದೆ. ಕೌನ್ಸಿಲ್ ಕಾಂಟ್ರಾಕ್ಟರ್ ಕಡೆ ಕೈ ತೋರಿಸುತ್ತದೆ, ಕಾಂಟ್ರಾಕ್ಟರ್ ಕೌನ್ಸಿಲ್ ಕಡೆ ತೋರಿಸುತ್ತಾರೆ. ನೀವು ಆ ಜಗಳದ ಮಧ್ಯೆ ಹೋಗಬೇಡಿ. ನಿಮ್ಮ ಲ್ಯಾಂಡ್‌ಲಾರ್ಡ್ ಕೌನ್ಸಿಲ್, ಉತ್ತರ ಕೊಡಬೇಕಾದವರು ಅವರೇ. ಇಂಜಿನಿಯರ್ ಮನೆಯಲ್ಲಿರುವಾಗಲೇ ಯಾವ ಪಾರ್ಟ್, ಯಾವತ್ತು ಆರ್ಡರ್, ಮುಂದಿನ ಭೇಟಿ ಯಾವಾಗ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕಾದು ಕೂತಿದ್ದರೂ "ಮನೆಯಲ್ಲಿ ಯಾರೂ ಇರಲಿಲ್ಲ" ಅಂತ ದಾಖಲಾಗುವುದುಂಟು. ಹಾಗಾದರೆ ಅದೇ ದಿನ ಇಮೇಲ್ ಮಾಡಿ, ನೀವು ಮನೆಯಲ್ಲೇ ಇದ್ದಿರಿ ಅಂತ ತಿಳಿಸಿ.

ಹೇಳಿದ ದಿನ ಯಾರೂ ಬರಲಿಲ್ಲ ಅಂದರೆ ಮತ್ತೆ ರಿಪೇರಿ ಲೈನ್‌ಗೇ ಫೋನ್ ಮಾಡುತ್ತಾ ಕೂರಬೇಡಿ. ರಿಪೇರಿ ಕೇಳುವುದೇ ಬೇರೆ, ಕಂಪ್ಲೇಂಟ್ ಕೊಡುವುದೇ ಬೇರೆ. ಹತ್ತು ಸಲ ಫೋನ್ ಮಾಡಿದರೂ ಅದು ರಿಪೇರಿ ಕೋರಿಕೆಯಾಗಿಯೇ ಉಳಿದುಬಿಡಬಹುದು. "ಇದು ಸ್ಟೇಜ್ ಒನ್ ಕಂಪ್ಲೇಂಟ್" ಅಂತ ಇಮೇಲ್‌ನ ತಲೆಬರಹದಲ್ಲೇ ಬರೆಯಿರಿ. ಆಗ ಹೌಸಿಂಗ್ ಓಂಬುಡ್ಸ್‌ಮನ್‌ನ, ಅಂದರೆ ಬಾಡಿಗೆದಾರರ ದೂರು ವಿಚಾರಿಸುವ ಸ್ವತಂತ್ರ ಕಚೇರಿಯ ನಿಯಮಗಳು ಶುರುವಾಗುತ್ತವೆ. ಕೆಲಸದ ದಿನಗಳ ಲೆಕ್ಕದಲ್ಲಿ, 5 ದಿನದೊಳಗೆ ಕಂಪ್ಲೇಂಟ್ ತಲುಪಿದೆ ಅಂತ ತಿಳಿಸಬೇಕು, ಅಲ್ಲಿಂದ 10 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಸ್ಟೇಜ್ ಟು ಕೇಳಿ, ಅದರ ಉತ್ತರಕ್ಕೆ 20 ದಿನ. ಅದೂ ಆಗದಿದ್ದರೆ ಓಂಬುಡ್ಸ್‌ಮನ್‌ಗೆ ಹೋಗಿ. ಫೀಸ್ ಇಲ್ಲ, ವಕೀಲರೂ ಬೇಡ. ನಾನು ಮೊದಲು ಹೇಳಿದ ಎನ್ವಿರಾನ್‌ಮೆಂಟಲ್ ಹೆಲ್ತ್ ದಾರಿ ಕೌನ್ಸಿಲ್ ಬಾಡಿಗೆದಾರರಿಗೆ ಅಷ್ಟು ಉಪಯೋಗವಿಲ್ಲ, ಯಾಕೆಂದರೆ ಕೌನ್ಸಿಲ್ ತನಗೆ ತಾನೇ ನೋಟಿಸ್ ಕೊಟ್ಟುಕೊಳ್ಳಲು ಆಗುವುದಿಲ್ಲ. ಓಂಬುಡ್ಸ್‌ಮನ್ ಇರುವುದೇ ಅದಕ್ಕೆ. ಇದರ ಜೊತೆಗೆ ನಿಮ್ಮ ವಾರ್ಡ್ ಕೌನ್ಸಿಲರ್‌ಗೂ ಒಂದು ಇಮೇಲ್ ಹಾಕಿ. ನಮ್ಮೂರಲ್ಲಿ ಕಾರ್ಪೊರೇಟರ್ ಹತ್ತಿರ ಹೋಗಲು ಯಾರಾದರೂ ಪರಿಚಯದವರು ಬೇಕು ಅನ್ನಿಸುತ್ತದೆ, ಅಲ್ವಾ? ಇಲ್ಲಿ ಅದು ಬೇಡ. ನಿಮ್ಮ ವಿಳಾಸವೇ ಪರಿಚಯ.

ಕಂಪ್ಲೇಂಟ್ ಕೊಟ್ಟರೆ ವೀಸಾಗೆ, ಪೌರತ್ವದ ಅರ್ಜಿಗೆ ತೊಂದರೆ ಆಗುತ್ತಾ ಅಂತ ಹಲವರು ಭಯಪಡುತ್ತಾರೆ. ಆಗುವುದಿಲ್ಲ. ಆದರೆ ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಿದರೆ ನಿಜವಾಗಿ ತೊಂದರೆ ಆಗುತ್ತದೆ. ಬಾಕಿ ಬೆಳೆದು ಮನೆ ಬಿಡಿಸುವ ಕೇಸಿಗೆ ಅದೇ ಕಾರಣವಾಗಬಹುದು. ಗೆದ್ದರೆ ಮಾತ್ರ ಫೀಸ್ ಅಂತ ಬಾಗಿಲು ಬಡಿದು ಸಹಿ ಕೇಳುವ ಕ್ಲೇಮ್ ಕಂಪನಿಗಳಿಗೂ ಆತುರಪಟ್ಟು ಸಹಿ ಹಾಕಬೇಡಿ. ಮೊದಲು ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಯವರ ಹತ್ತಿರ ಉಚಿತವಾಗಿ ಮಾತಾಡಿ.

ಕಾಯುವ ದಿನಗಳಲ್ಲಿ ಮನೆಯವರ ಸುರಕ್ಷತೆ ಎಲ್ಲಕ್ಕಿಂತ ದೊಡ್ಡದು. ಗ್ಯಾಸ್ ಒಲೆ ಹಚ್ಚಿಟ್ಟು ಅಡುಗೆಮನೆಯಲ್ಲಿ ಕೂರುವುದು, ಇದ್ದಿಲಿನ ಒಲೆ ಅಥವಾ ಬಾರ್ಬೆಕ್ಯೂ ಒಳಗೆ ತರುವುದು ಪ್ರಾಣಕ್ಕೇ ಅಪಾಯ. ಕಿಟಕಿ ಮುಚ್ಚಿದ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ತುಂಬಿಕೊಳ್ಳುತ್ತದೆ. ಸ್ನಾನದ ನೀರಿಗೆ ಅಂತ ಊರಿಂದ ತಂದ ಹೀಟರ್ ರಾಡನ್ನು ಅಡಾಪ್ಟರ್‌ಗೆ ಸಿಕ್ಕಿಸಿ ಬಕೆಟ್‌ನಲ್ಲಿ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಕೆಟಲ್‌ನಲ್ಲಿ ಕಾಯಿಸಿದ ನೀರು ಸಾಕು. ಎಣ್ಣೆ ತುಂಬಿದ ಕರೆಂಟ್ ರೇಡಿಯೇಟರ್ ಇದ್ದರೆ ನೇರ ಗೋಡೆಯ ಸಾಕೆಟ್‌ಗೆ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಬೇಡ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ, ಆದರೆ ಹೀಟರ್ ಹತ್ತಿರ ಕಂಬಳಿ, ಬಟ್ಟೆ ಇರದಿರಲಿ.

ಆ ಹೀಟರ್ ಕರೆಂಟ್ ಎಳೆಯುವುದೂ ಜಾಸ್ತಿ. 2 ಕಿಲೋವ್ಯಾಟ್‌ನದು ಎಂಟು ಗಂಟೆ ಪೂರ್ತಿ ಉರಿದರೆ 16 ಯೂನಿಟ್, ಮತ್ತು ಇಲ್ಲಿ ಕರೆಂಟ್ ಯೂನಿಟ್ ಗ್ಯಾಸಿಗಿಂತ ಹಲವು ಪಟ್ಟು ದುಬಾರಿ. ಹೀಟಿಂಗ್ ಕೆಟ್ಟ ದಿನ ಮೀಟರ್‌ನ ಫೋಟೋ ತೆಗೆದಿಡಿ, ಸರಿಯಾದ ದಿನ ಮತ್ತೊಂದು. ಕಂಪ್ಲೇಂಟ್‌ನಲ್ಲಿ ಆ ಹೆಚ್ಚಿನ ಖರ್ಚನ್ನು ಕೇಳಿ. ಜೊತೆಗೆ ಕೌನ್ಸಿಲ್ ಬಾಡಿಗೆದಾರರಿಗೆ 1994ರ ನಿಯಮದ ರೈಟ್ ಟು ರಿಪೇರ್ ಯೋಜನೆ ಇದೆ. 250 ಪೌಂಡಿನೊಳಗಿನ ರಿಪೇರಿಗೆ ಮಾತ್ರ. ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಹೀಟಿಂಗ್ ಅಥವಾ ಬಿಸಿನೀರು ಹೋದರೆ 1 ಕೆಲಸದ ದಿನದಲ್ಲಿ, ಉಳಿದ ತಿಂಗಳಲ್ಲಿ 3 ದಿನದಲ್ಲಿ ಸರಿಮಾಡಬೇಕು. ಆಗದಿದ್ದರೆ ಎರಡನೇ ಕಾಂಟ್ರಾಕ್ಟರ್ ಕೇಳಬಹುದು. ಅವರೂ ತಪ್ಪಿದರೆ 10 ಪೌಂಡ್, ಆಮೇಲೆ ದಿನಕ್ಕೆ 2 ಪೌಂಡ್, ಒಟ್ಟು 50ರವರೆಗೆ ಪರಿಹಾರ. ಸಣ್ಣ ಮೊತ್ತವೇ. ಓಂಬುಡ್ಸ್‌ಮನ್ ಇದಕ್ಕಿಂತ ಹೆಚ್ಚು ಕೊಡಿಸಬಹುದು. ರಿಪೇರಿ ಆಯ್ತು ಅನ್ನುವ ಖುಷಿಯಲ್ಲಿ ಕಂಪ್ಲೇಂಟ್ ಹಿಂದಕ್ಕೆ ತೆಗೆದುಕೊಳ್ಳಬೇಡಿ. ಪರಿಹಾರದ ಮಾತು ಮುಗಿಯುವವರೆಗೆ ಅದು ಇರಲಿ.

ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಇರುವವರಿಗೆ ನಿಯಮಗಳೂ ಬೇರೆ, ಓಂಬುಡ್ಸ್‌ಮನ್ ಕಚೇರಿಯೂ ಬೇರೆ. ನಾನು ಹೇಳಿದ್ದು ಇಂಗ್ಲೆಂಡಿನದು.

ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತೆಯ ತಪಾಸಣೆಗೆ ಬರುವವರನ್ನು ತಪ್ಪದೆ ಒಳಗೆ ಬಿಡಿ. ಮತ್ತೆ ಸೆಪ್ಟೆಂಬರ್ ಕೊನೆಯಲ್ಲಿ, ಚಳಿ ಇನ್ನೂ ಬಾರದಿದ್ದರೂ, ಒಂದು ಗಂಟೆ ಹೀಟಿಂಗ್ ಹಾಕಿ ಪ್ರತಿ ರೇಡಿಯೇಟರ್ ಮುಟ್ಟಿ ನೋಡಿ. ಯಾವುದಾದರೂ ತಣ್ಣಗಿದ್ದರೆ ಆಗಲೇ ರಿಪೇರಿ ಬರೆಸಿಬಿಡಿ. ಆ ಹೊತ್ತಿನಲ್ಲಿ ಇಂಜಿನಿಯರ್‌ಗಳ ಕೈ ಇನ್ನೂ ಖಾಲಿ ಇರುತ್ತದೆ.