ಮಳೆಗಾಲದಲ್ಲಿ ಕಚ್ಚಿಕೊಂಡ ಬೀಗ ಬಿಡಿಸುವುದು ಹೇಗೆ?

ತೀರ್ಥಹಳ್ಳಿ ಕಡೆ ನಮ್ಮ ಮನೆಯ ಅಡಿಕೆ ಕೋಣೆಗೆ ಒಂದು ಹಿತ್ತಾಳೆ ಬೀಗವಿದೆ. ಆಷಾಢದ ಜಡಿಮಳೆ ಹಿಡಿದರೆ ಅದು ಹಟ ಹಿಡಿಯುತ್ತದೆ. ಹೋದ ವರ್ಷ ದೊಡ್ಡಪ್ಪ ಕೊಬ್ಬರಿ ಎಣ್ಣೆ ಹೊಯ್ದರು. ಎರಡು ದಿನ ಸರಾಗ ತಿರುಗಿತು. ಮೂರನೇ ದಿನ ಕೀ ಒಳಗೇ ಹೋಗಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗೆ ಬಾಟಲಿಯಲ್ಲೇ ತುಪ್ಪದ ಹಾಗೆ ಕೂತಿರುತ್ತದೆ, ಅಲ್ವಾ? ಬೀಗದೊಳಗೂ ಅದೇ ಕಥೆ, ಜೊತೆಗೆ ಧೂಳು ಬೇರೆ.

ಮೊದಲು ಕೀ ನೋಡಿ. ಚಪ್ಪಟೆಯಾಗಿ, ಅಂಚಿಗೆ ಗರಗಸದಂಥ ಹಲ್ಲಿದ್ದರೆ ಅದು ಪಿನ್ ಬೀಗ. ಒಳಗಿನ ಪುಟ್ಟ ಪಿನ್ನುಗಳು ಎರಡೆರಡು ತುಂಡಾಗಿ ನಿಂತಿರುತ್ತವೆ. ಸರಿಯಾದ ಕೀ ಹಾಕಿದಾಗ ಎಲ್ಲ ತುಂಡುಗಳ ಸಂದು ಒಂದೇ ಗೆರೆಗೆ ಬರುತ್ತದೆ, ಉರುಳೆ ತಿರುಗುತ್ತದೆ. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಇದಕ್ಕೆ ಪೇಟೆಂಟ್ ಪಡೆದ. ಆದರೆ ಉಪಾಯ ಹಳೆಯದು. ಸುಮಾರು 4000 ವರ್ಷದ ಹಿಂದೆಯೇ ಈಜಿಪ್ಟಿನಲ್ಲಿ ಮರದ ಕಡ್ಡಿಗಳು ಮೇಲಿಂದ ಇಳಿದು ಅಗಳಿಯ ತೂತಿನಲ್ಲಿ ಕೂರುತ್ತಿದ್ದವು. ಹಲ್ಲುಜ್ಜುವ ಬ್ರಶ್ಶಿನಂಥ ದೊಡ್ಡ ಮರದ ಕೀ ಅವನ್ನು ಎತ್ತುತ್ತಿತ್ತು. ನಮ್ಮ ಅಜ್ಜಿ ಮನೆಯಲ್ಲೂ ಅಗಳಿ ಇತ್ತು. ಆದರೆ ಹಾಕಲು, ತೆಗೆಯಲು ಒಬ್ಬರು ಒಳಗಿರಲೇಬೇಕಿತ್ತು!

ಉರುಟು ಕಡ್ಡಿಯ ತುದಿಗೆ ಬಾವುಟದಂಥ ತಗಡು ಇದ್ದರೆ ಅದು ಬಹುಶಃ ಲಿವರ್ ಬೀಗ. ‘7 ಲಿವರ್’ ಅಂತ ಮೈಮೇಲೆ ಕೊರೆದಿರುತ್ತದಲ್ಲ, ಅದೇ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಇದನ್ನು ಸುಧಾರಿಸಿದ. ಲಿವರ್ ಅಂದರೆ ಒಳಗೆ ಕೀ ಎತ್ತುವ ತಗಡು. ಅದನ್ನು ಕಡಿಮೆ ಎತ್ತಿದರೂ ತೆರೆಯದು, ಜಾಸ್ತಿ ಎತ್ತಿದರೂ ತೆರೆಯದು.

ಹಾಗಾಗಿ ಎರಡಕ್ಕೂ ಬಲ ಹಾಕಬೇಡಿ. ಇಕ್ಕಳ ಹಿಡಿದು ತಿರುಗಿಸಿದರೆ ಮುರಿಯುವುದು ಕೀ. 1851ರಲ್ಲಿ ಲಂಡನ್ನಿನಲ್ಲಿ ಹಾಬ್ಸ್ ಎಂಬ ಅಮೆರಿಕನ್, ಕೀ ಇಲ್ಲದೆ ತೆರೆಯಲು ಯಾರಿಂದಲೂ ಆಗದು ಎಂದು ಸವಾಲಿಗಿಟ್ಟಿದ್ದ ಬ್ರಾಮಾ ಕಂಪನಿಯ ಬೀಗ ತೆರೆದ. ಅವನಿಗೂ 16 ದಿನಗಳಲ್ಲಿ ಒಟ್ಟು 51 ಗಂಟೆ ಬೇಕಾಯಿತು. ನಿಮಗೆ ಹತ್ತು ನಿಮಿಷ ಸಾಕು.

ಎಣ್ಣೆ ಗಟ್ಟಿಯಾಗಿದೆಯಾ? ಸ್ಟೀಲ್ ಲೋಟಕ್ಕೆ ಬಿಸಿನೀರು ಹಾಕಿ ಬೀಗಕ್ಕೆ ಒತ್ತಿ ಹಿಡಿಯಿರಿ, ಕರಗುತ್ತದೆ. ಆಮೇಲೆ ಸಾದಾ ಪೆನ್ಸಿಲ್ ತಗೊಂಡು ಕೀಯ ಎರಡೂ ಬದಿಗೆ, ಹಲ್ಲಿನ ಸಂದಿಗೂ ಕಪ್ಪಾಗುವಷ್ಟು ತಿಕ್ಕಿ. ಪೆನ್ಸಿಲ್ಲಿನ ಗ್ರಾಫೈಟ್ ಒಣಪುಡಿ. ಜಾರಿಸುತ್ತದೆ, ಎಣ್ಣೆಯಂತೆ ಅಂಟಾಗಿ ಕೂರುವುದಿಲ್ಲ. ಕೀಯನ್ನು ತಿರುಗಿಸದೆ ಹತ್ತು ಸಲ ಸುಮ್ನೆ ಒಳಗೆ ಹೊರಗೆ ಆಡಿಸಿ. ಕೊಂಡಿಯನ್ನು ಒಳಕ್ಕೆ ಒತ್ತಿ ಹಿಡಿದು ಮೆಲ್ಲಗೆ ತಿರುಗಿಸಿ. ಬಿಟ್ಟುಕೊಂಡ ಮೇಲೆ ಬಚ್ಚಲೊಲೆಯ ಹತ್ತಿರ ಒಂದು ರಾತ್ರಿ ಒಣಗಲು ಇಡಿ. ಒಲೆಯೊಳಗಲ್ಲ!

ಕೊನೆಗೆ ಬೀಗಕ್ಕೊಂದು ಕೊಡೆ ಬೇಕು. ಹಳೇ ಟ್ಯೂಬಿನ ತುಂಡನ್ನು ಚಿಲಕದ ಮೇಲೆ ಇಳಿಬಿಟ್ಟರೆ ಸಾಕು. ದೊಡ್ಡಪ್ಪ ಮಾತ್ರ ಅಡಿಕೆ ಹಾಳೆಯನ್ನೇ ಕಟ್ಟಿದ್ದಾರೆ. ಹಾಳೆಗೆ ಬೂಸ್ಟು ಬಂದಿದೆ, ಬೀಗ ಒಣಗಿದೆ.